ಎರಡನೇ ನಿಕಾಹ್

ಬಶೀರ್ ಎರಡು ಸಲ ಮದುವೆಯಾದ, ಎರಡು ಸಲವೂ ಅದೇ ಹೆಂಗಸನ್ನು. ಇದನ್ನು ಕೇಳಿದವರು ಮೊದಲು ನಗುತ್ತಾರೆ. ನಗಲಿ ಪಾಪ, ಉಳಿದದ್ದನ್ನೂ ಕೇಳಿ ಆಮೇಲೆ ಏನು ಬೇಕಾದರೂ ಮಾಡಲಿ.

ಆ ಹೆಂಗಸು ಆಯಿಶತ್, ಉಳ್ಳಾಲದ ಕಡೆಯವಳು. ಮಸ್ಕತ್ತಿನಾಚೆ ನಿಜ್ವಾ ಎಂಬ ಊರಿನ ಒಂದು ಮನೆಗೆ ಕೆಲಸದ ವೀಸಾದಲ್ಲಿ ಬಂದಿದ್ದಳು. ಅವಳನ್ನು ಮಗಳ ಹಾಗೆ ನೋಡಿಕೊಂಡ ಮುದುಕಿ ತೀರಿಹೋದ ಮೇಲೆ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಅವಳನ್ನು ಬೇರೆ ಯಾರದೋ ಮನೆಗೆ ದಾಟಿಸಲು ಹೊರಟ. ಆ ಮನೆಯ ಗಂಡಸರ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಪಾಸ್‌ಪೋರ್ಟನ್ನು ಅಲ್ಲೇ ಬಿಟ್ಟು, ಉಟ್ಟ ಬಟ್ಟೆಯಲ್ಲೇ ಮಸ್ಕತ್ತಿನ ಬಸ್ಸು ಹತ್ತಿದಳು. ಕೆಲಸ ಬಿಟ್ಟು ಓಡಿಹೋದವಳು ಎಂದು ಕಫೀಲ್ ದೂರು ಕೊಟ್ಟ, ವೀಸಾ ಮುಗಿಯಿತು. ಮಸ್ಕತ್ತಿನ ಅಲ್ ಖೌದ್‌ನಲ್ಲಿ ಡೊರೊತಿ ಬಾಯಿ ಎಂಬ ಮಂಗಳೂರಿನ ನರ್ಸಮ್ಮ ತನ್ನ ಫ್ಲ್ಯಾಟಿನ ಹಿಂದಿನ ಕೋಣೆ ಕೊಟ್ಟಳು. ಆಯಿಶತ್ ಅಲ್ಲಿ ಕೂತು ಅಕ್ಕಿ ರೊಟ್ಟಿಯಂಥ ಪತ್ತಿರ್ ಸುಟ್ಟು, ಮೀನು ಸಾರು ಮಾಡಿ, ಒಂಟಿ ಗಂಡಸರಿಗೆ ಪಾರ್ಸೆಲ್ ಕೊಡತೊಡಗಿದಳು. ಕಿಟಕಿ ಪರದೆಯ ಅಂಗಡಿಯಲ್ಲಿ ಕೆಲಸಕ್ಕಿದ್ದ ಬಶೀರ್ ಪತ್ತಿರ್ ಒಯ್ಯಲು ಬರುತ್ತಿದ್ದವನು, ಕ್ರಮೇಣ ಪತ್ತಿರ್ ಮರೆತರೂ ಬರುವುದನ್ನು ಮರೆಯಲಿಲ್ಲ.

ನಮ್ಮ ಬ್ಯಾರಿಗಳಲ್ಲಿ ನಿಕಾಹ್ ಎಂದರೆ ಗಂಡಸರು ಕೂತು ಮುಗಿಸುವ ಕೆಲಸ. ಹುಡುಗಿಯ ತಂದೆಯೋ ಅಣ್ಣನೋ ಮದುಮಗನ ಕೈ ಹಿಡಿದು ಕೊಟ್ಟೆ ಎನ್ನುತ್ತಾನೆ, ಇವನು ಒಪ್ಪಿದೆ ಎನ್ನುತ್ತಾನೆ. ಮದುಮಗಳು ಒಳಗೆಲ್ಲೋ ಇರುತ್ತಾಳೆ. ಆಯಿಶತ್‌ಗೆ ತಂದೆ ಇರಲಿಲ್ಲ. ಅಣ್ಣ ಮುನಾಫ್ ಊರಿನಿಂದ ಫೋನಿನಲ್ಲೇ ಇಲ್ಲಿನ ಒಬ್ಬ ವಯಸ್ಸಾದ ಉಸ್ತಾದರಿಗೆ ತನ್ನ ಪರವಾಗಿ ಕೈಹಿಡಿದು ಕೊಡುವ ಅಧಿಕಾರ ಕೊಟ್ಟ. ಇಬ್ಬರು ಸಾಕ್ಷಿಗಳು, ಒಂದು ತಟ್ಟೆ ಖರ್ಜೂರ, ಖಲಾಸ್. ದೇವರ ಎದುರು ಅವರು ಗಂಡ ಹೆಂಡತಿ, ಅದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಸರಕಾರದ ಎದುರು ತೋರಿಸಲು ಮಾತ್ರ ಒಂದು ಚೂರು ಕಾಗದ ಇರಲಿಲ್ಲ. ಆಗ ಬಶೀರನ ಸಂಬಳಕ್ಕೆ ಫ್ಯಾಮಿಲಿ ವೀಸಾ ಸಿಗುವಂತಿರಲಿಲ್ಲವಾದ್ದರಿಂದ ಕಾಗದದ ಚಿಂತೆಯನ್ನು ಯಾರೂ ಮಾಡಲಿಲ್ಲ.

ಮರುವರ್ಷ ಸಫೀನಾ ಹುಟ್ಟಿದಳು. ಕಾಗದಪತ್ರವಿಲ್ಲದ ಹೆಂಗಸು ಆಸ್ಪತ್ರೆಗೆ ಹೋಗುವುದಾದರೂ ಹೇಗೆ? ಡೊರೊತಿ ಬಾಯಿಯೇ ಹೆರಿಗೆ ಮಾಡಿಸಿದಳು, ಯೇಸುವನ್ನೂ ಅಲ್ಲಾಹನನ್ನೂ ಒಟ್ಟಿಗೆ ಕರೆಯುತ್ತ. ಮಗು ಆ ಕೋಣೆಯಲ್ಲೇ ತೆವಳಿತು, ನಡೆಯಿತು, ಮಾತು ಕಲಿಯಿತು. ಮೂರು ತುಂಬಿದಾಗ ಕಿಟಕಿಯಿಂದ ಶಾಲೆ ಬಸ್ಸು ನೋಡಿ ನಾನು ಯಾವಾಗ ಹತ್ತುವುದು ಎಂದು ಕೇಳಲು ಶುರುಮಾಡಿತು.

ಅಷ್ಟರಲ್ಲಿ ಎರಡು ಒಳ್ಳೆಯ ಸುದ್ದಿ ಜೊತೆಯಾಗಿ ಬಂದವು. ಫ್ಯಾಮಿಲಿ ವೀಸಾಕ್ಕೆ ಬೇಕಾದ ಸಂಬಳದ ಮಿತಿ ಇಳಿಯಿತು, ವೀಸಾ ಮೀರಿ ಉಳಿದವರಿಗೆ ಕ್ಷಮಾದಾನದ ಅವಧಿಯೂ ಶುರುವಾಯಿತು. ಟೈಪಿಂಗ್ ಸೆಂಟರಿನ ಹಕೀಮಾಕ ನಮ್ಮವರ ಕಾಗದಪತ್ರಗಳನ್ನೆಲ್ಲ ನೋಡಿಕೊಡುವ ಹಿರಿಯರು. ಅವರು ಬಶೀರನನ್ನು ಕೂರಿಸಿ ಹೇಳಿದ್ದು ಇಷ್ಟೇ: ಮದುವೆ ಸರ್ಟಿಫಿಕೇಟ್ ತಾ, ಹೆಂಡತಿ ಮೇಲಿನ ದೂರು ತೆಗೆಸಿ ತಾಯಿ ಮಗು ಇಬ್ಬರನ್ನೂ ನಿನ್ನ ಹೆಸರಿಗೆ ಹಾಕುವ ದಾರಿ ನೋಡೋಣ. ಮಗುವಿಗೆ ಎಷ್ಟು ವರ್ಷ ಎಂದು ಅವರು ಕೇಳಲಿಲ್ಲ, ಇವನೂ ಹೇಳಲಿಲ್ಲ. ಇವನಿಗೆ ಅದು ಹೇಳಬೇಕಾದ ಸಂಗತಿ ಎಂದೇ ತೋಚಲಿಲ್ಲ.

ಬಶೀರ್ ಊರಿಗೆ, ಮುನಾಫನಿಗೆ ಫೋನ್ ಮಾಡಿದ. ಊರಿನ ಮಸೀದಿಯಲ್ಲಿ ನಡೆಯದ ನಿಕಾಹಿಗೆ ಅಲ್ಲಿ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು? ಆದರೆ ಮುನಾಫನಿಗೆ ಬೇರೆಯೇ ಒಂದು ಕೊರಗು ಒಳಗೆ ಇತ್ತು. ಒಬ್ಬಳೇ ತಂಗಿಯ ಮದುವೆ ಕಳ್ಳರ ಹಾಗೆ ಆಯಿತಲ್ಲ, ನಾಲ್ಕು ಜನಕ್ಕೆ ಊಟ ಹಾಕಲಿಲ್ಲವಲ್ಲ ಎಂದು. ರಜೆ ಹಾಕಿ ಬನ್ನಿ ಭಾವ, ನಮ್ಮ ಮಸೀದಿಯಲ್ಲೇ ಇನ್ನೊಮ್ಮೆ ಚಂದದಲ್ಲಿ ಮಾಡುವ, ಮಸೀದಿಯ ಗುರುಗಳು, ನಮ್ಮ ಖತೀಬರು, ಕೂಡಲೇ ಬರೆದು ಕೊಡುತ್ತಾರೆ ಎಂದ. ಮೊದಲಿನ ನಿಕಾಹಿನ ಸುದ್ದಿಯನ್ನು ಖತೀಬರಿಗೆ ಹೇಳುವುದು ಬೇಡ, ಹೇಳಿದರೆ ತಂಗಿ ಅಡಗಿ ಕೂತ ಕತೆಯೆಲ್ಲ ಬಿಚ್ಚಬೇಕಾಗುತ್ತದೆ ಎಂದೂ ಸೇರಿಸಿದ. ಬಶೀರನಿಗೆ ಸರಿಯೆನಿಸಿತು. ಒಗೆದ ಬಟ್ಟೆಯನ್ನು ಇನ್ನೊಮ್ಮೆ ಒಗೆದರೆ ಕೊಳೆಯಾಗುತ್ತದೆಯೇ?

ಹೋದ. ಶುಕ್ರವಾರದ ನಮಾಝ್ ಮುಗಿದ ಮೇಲೆ ಮುನಾಫ್ ಅವನ ಕೈ ಹಿಡಿದು ಕೊಟ್ಟೆ ಎಂದ, ಇವನು ಒಪ್ಪಿದೆ ಎಂದ. ಮದುಮಗಳು ಸಮುದ್ರದ ಆಚೆ ಇದ್ದಾಳೆಂಬುದು ಯಾರಿಗೂ ವಿಶೇಷ ಅನ್ನಿಸಲಿಲ್ಲ, ಮಸೀದಿಯಲ್ಲಿ ಮದುಮಗಳನ್ನು ಯಾರು ತಾನೆ ಕಂಡಿದ್ದಾರೆ? ತುಪ್ಪದನ್ನ, ಮಾಂಸದ ಇರಚಿ ಸಾರು, ನೆಂಟರಿಷ್ಟರು. ಅಷ್ಟು ಜನರ ಮುಂದೆ ಮದುಮಗನಾಗಿ ಕೂತಾಗ ಬಶೀರನಿಗೆ ನಾಚಿಕೆಯೂ ಖುಷಿಯೂ ಒಟ್ಟಿಗೆ ಆಯಿತು. ಸರ್ಟಿಫಿಕೇಟಿಗೆ ಬೇಕಾದ ಸೀಲುಗಳನ್ನೆಲ್ಲ ಹೊಡೆಸಿಕೊಂಡು, ಆಯಿಶತ್‌ಗೊಂದು ಮದುವೆ ಸೀರೆ ತೆಗೆದುಕೊಂಡು ವಿಮಾನ ಹತ್ತಿದ. ಅವಳು ಸೀರೆ ಉಟ್ಟು, ಮಗುವನ್ನು ಎತ್ತಿಕೊಂಡು, ಈಗ ನಾನು ಕದ್ದ ಮಾಲಲ್ಲ ತಾನೆ ಎಂದು ನಕ್ಕಳು. ನಾಲ್ಕು ವರ್ಷದಲ್ಲಿ ಅವನು ಅವಳ ಅಷ್ಟು ಗಟ್ಟಿಯಾದ ನಗು ಕೇಳಿರಲಿಲ್ಲ.

ಹಕೀಮಾಕ ಸರ್ಟಿಫಿಕೇಟನ್ನು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ಮಗುವಿನ ವಯಸ್ಸು ಕೇಳಿದರು.

"ಮೂರು," ಎಂದ ಬಶೀರ್.

"ಮದುವೆಯಾಗಿ ಇನ್ನೂ ತಿಂಗಳಾಗ್ಲಿಲ್ಲ ಅಂತ ಇದರಲ್ಲಿ ಉಂಟಲ್ಲ ಮಾರಾಯ."

ಬಶೀರನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸರ್ಟಿಫಿಕೇಟನ್ನು ತನ್ನ ಕಡೆ ಎಳೆದುಕೊಂಡು ತಾರೀಖು ನೋಡಿದ. ಮದುವೆಗೆ ಮೊದಲೇ ಮಗು ಎಂದು ಇವರೇ ಕೈಯಾರೆ ಬರೆಸಿಕೊಂಡು, ಸೀಲು ಹೊಡೆಸಿಕೊಂಡು ಬಂದಿದ್ದರು. ಇಂಥದ್ದಕ್ಕೆ ಇಲ್ಲಿ ಕೇಸು ಆಗಬಹುದು, ನಿನಗೂ ಅವಳಿಗೂ ಎಂದರು ಹಕೀಮಾಕ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಎಂದು ಊರಲ್ಲಿ ಸುಮ್ಮನೆ ಹೇಳುವುದಲ್ಲ. ನಮ್ಮವರಿಗೆ ನಿಕಾಹ್ ಆಗಿದೆಯೇ ಇಲ್ಲವೇ ಎಂಬುದು ಮುಖ್ಯ. ತಾರೀಖನ್ನು ಯಾರು ಕೇಳುತ್ತಾರೆ? ಕೇಳುವವರು ಇಲ್ಲಿ ಇದ್ದರು.

ಮುನಾಫ್ ಅಳುತ್ತ ಖತೀಬರ ಬಳಿ ಓಡಿದ, ಈ ಸಲ ಎಲ್ಲವನ್ನೂ ಹೇಳಿ, ಹಳೆಯ ತಾರೀಖು ಹಾಕಿಕೊಡಿ ಎಂದು ಬೇಡಿಕೊಂಡ. ಖತೀಬರು ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರು ತಂದುಕೊಂಡರು. ಆದರೆ ತಾನು ಮಾಡಿಸದ ನಿಕಾಹನ್ನು ಮಾಡಿಸಿದೆ ಎಂದು ಬರೆದು ಸುಳ್ಳುಸಾಕ್ಷಿ ಹೇಳಲಾರೆ, ಮೊದಲೇ ಬಾಯಿಬಿಟ್ಟಿದ್ದರೆ ಎರಡನೆಯದನ್ನು ಮಾಡಿಸುತ್ತಲೇ ಇರಲಿಲ್ಲ ಎಂದರು. ಮೊದಲ ನಿಕಾಹ್ ಮಾಡಿಸಿದ ಉಸ್ತಾದರು ಆಗಲೇ ಮಣ್ಣು ಸೇರಿದ್ದರು. ಸೀಲು ಬಿದ್ದ ತಾರೀಖಿನ ಎದುರು ಆ ಇಬ್ಬರು ಸಾಕ್ಷಿಗಳ ಬಾಯಿಮಾತು ನಿಲ್ಲುವಂತಿರಲಿಲ್ಲ.

ಉಳಿದದ್ದು ಒಂದೇ ದಾರಿ. ಕ್ಷಮಾದಾನದ ಅವಧಿ ಮುಗಿಯುವ ಮೊದಲು ಆಯಿಶತ್ ಮಗುವಿನ ಜೊತೆ ಊರಿಗೆ ಹೋಗಬೇಕು. ಮಗುವಿಗೆ ಮಾಡಿಸುವ ಪ್ರಯಾಣದ ಕಾಗದದಲ್ಲಿ ತಂದೆಯ ಜಾಗ ಖಾಲಿ, ಕೇಳಿದರೆ ಗಂಡ ಬಿಟ್ಟುಹೋದ ಎನ್ನಬೇಕು. ಬಶೀರನ ಹೆಸರು ಎಲ್ಲೂ ಬರಕೂಡದು. ನೀನು ಏರ್‌ಪೋರ್ಟಿಗೆ ಹೋಗಲೇಬೇಡ ಎಂದರು ಹಕೀಮಾಕ. ಹೋಗದೆ ಇರಲು ಇವನಿಂದ ಸಾಧ್ಯವೇ? ಹಾಗಾದರೆ ಅವಳ ಅಣ್ಣನೆಂದು ಹೋಗು, ಮಗುವಿನ ಬಾಯಿ ಮಾತ್ರ ನೋಡಿಕೋ ಎಂದರು.

ಅಂದಿನಿಂದ ಆ ಕೋಣೆಯಲ್ಲಿ ನಡೆದ ಪಾಠ ಶತ್ರುವಿಗೂ ಬೇಡ. ಆಯಿಶತ್ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಶೀರನನ್ನು ತೋರಿಸುತ್ತಿದ್ದಳು. ಇವರು ಯಾರು? ಉಪ್ಪ ಎಂದು ಅಪ್ಪನನ್ನು ಕರೆಯುತ್ತಿತ್ತು ಮಗು. ಉಪ್ಪ ಅಲ್ಲ, ಮಾಮ. ಮಗು ಇದನ್ನು ಆಟವೆಂದುಕೊಂಡು ನಗುತ್ತಿತ್ತು, ಓಡಿಬಂದು ಉಪ್ಪಾ ಎಂದು ಬಶೀರನ ಕುತ್ತಿಗೆಗೆ ಜೋತುಬೀಳುತ್ತಿತ್ತು. ಕೊನೆಗೊಂದು ದಿನ ತಾಯಿಗೆ ತಡೆಯಲಾಗಲಿಲ್ಲ, ಮಗುವಿನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು.

"ಉಪ್ಪ ಅಂತ ಹೇಳಿದ್ರೆ ಪೊಲೀಸರು ಬಂದು ಉಪ್ಪನನ್ನು ಹಿಡ್ಕೊಂಡು ಹೋಗ್ತಾರೆ. ಗೊತ್ತಾಯ್ತಾ?"

ಮಗು ನಗುವುದನ್ನು ನಿಲ್ಲಿಸಿತು. ಆಯಿಶತ್ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮಾರನೆಯ ಬೆಳಿಗ್ಗೆ ಬಶೀರ್ ಚಹಾ ಕುಡಿಯುತ್ತಿದ್ದಾಗ ಸಫೀನಾ ಹತ್ತಿರ ಬಂದು, ಮಾಮ, ನನಗೂ ಬಿಸ್ಕತ್ ಎಂದು ಕೇಳಿದಳು. ಅವನು ಬಿಸ್ಕತ್ತಿನ ಪೊಟ್ಟಣವನ್ನೇ ಅವಳ ಕೈಗೆ ಕೊಟ್ಟ.

ಏರ್‌ಪೋರ್ಟಿನ ಕೌಂಟರಿನಲ್ಲಿದ್ದ ಅಧಿಕಾರಿ ಮೆತ್ತನೆಯ ಮನುಷ್ಯ, ಆ ದಿನಗಳಲ್ಲಿ ಇಂಥ ಎಷ್ಟೋ ಹೆಂಗಸರನ್ನು ಕಂಡವನು. ಕಾಗದ ನೋಡಿದ, ಬೆರಳಚ್ಚು ತೆಗೆದುಕೊಂಡ. ಮಗುವಿಗೊಂದು ಮಿಠಾಯಿ ಕೊಟ್ಟು, ಬಶೀರನ ಕಡೆ ಗಲ್ಲ ಎತ್ತಿ, ಇವರು ಯಾರು ಎಂದು ಹಿಂದಿಯಲ್ಲಿ ಕೇಳಿದ. ಆಯಿಶತ್‌ಳ ಮುಖದಲ್ಲಿ ರಕ್ತವಿರಲಿಲ್ಲ. ಸಫೀನಾ ತಂದೆಯನ್ನು ಒಮ್ಮೆ ನೋಡಿ, ಮಾಮ ಎಂದಳು. ಶಾಭಾಸ್ ಎಂದು ಅವನು ಕೆನ್ನೆ ತಟ್ಟಿ ಒಳಗೆ ಬಿಟ್ಟ. ಬಶೀರ್ ಬದುಕಿಕೊಂಡ. ಕಾರ್ ಪಾರ್ಕಿಗೆ ಬಂದು ಸ್ಟೀರಿಂಗಿಗೆ ತಲೆಯಿಟ್ಟು, ಹೆಣದ ಮುಂದೆ ಕೂತವನ ಹಾಗೆ ಅತ್ತ.

ಮಳೆಗಾಲ ಕಳೆದು ಆಯಿಶತ್‌ಗೆ ಫ್ಯಾಮಿಲಿ ವೀಸಾ ಬಂತು. ಹೆಂಡತಿ ಎಂಬುದಕ್ಕೆ ಆ ಸರ್ಟಿಫಿಕೇಟ್ ಚೆನ್ನಾಗಿಯೇ ಕೆಲಸ ಮಾಡಿತು. ಮಗುವಿಗೆ ಬರಲಿಲ್ಲ. ಕಾಗದದಲ್ಲಿ ತಂದೆಯೇ ಇಲ್ಲದ ಮಗು ಅದು, ಈಗ ಹೆಸರು ಸೇರಿಸಲು ಹೋದರೆ ಪುನಃ ಮದುವೆಯ ತಾರೀಖಿಗೇ ಬಂದು ನಿಲ್ಲುತ್ತದೆ. ಬಶೀರ್ ವಿಡಿಯೋ ಕಾಲ್ ಮಾಡಿ ಸುದ್ದಿ ಹೇಳಿದ. ಆಯಿಶತ್ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇವಳನ್ನು ಬಿಟ್ಟು ನಾನು ಎಲ್ಲಿಗೂ ಬರುದಿಲ್ಲ. ನೀವು ಬೇಜಾರು ಮಾಡ್ಬೇಡಿ," ಎಂದು ಹೇಳಿ ಫೋನನ್ನು ಮಗಳ ಕೈಗೆ ಕೊಟ್ಟಳು.

ಸಫೀನಾ ಶಾಲೆಯ ಹೊಸ ಚೀಲ ತೋರಿಸಿದಳು, ಮುನಾಫನ ಮನೆಯ ಬೆಕ್ಕು ಮರಿ ಹಾಕಿದ್ದನ್ನು ಹೇಳಿದಳು. ಮಾತಿಗೊಂದು ಮಾಮ, ಮಾಮ. ಬಶೀರನಿಗೆ ಇನ್ನು ತಡೆಯಲಾಗಲಿಲ್ಲ.

"ಈಗ ಹೆದರ್ಲಿಕ್ಕಿಲ್ಲ ಮಗಾ. ಪೊಲೀಸರೆಲ್ಲ ಹೋದ್ರು. ಒಮ್ಮೆ ಉಪ್ಪ ಅಂತ ಕರಿ."

ಮಗು ಹಿಂದೆ ತಿರುಗಿ ಬಾಗಿಲ ಕಡೆ ನೋಡಿತು. ಆಮೇಲೆ ಫೋನಿಗೆ ಬಾಯಿ ತಾಗಿಸಿ, ದೊಡ್ಡವರು ಸಣ್ಣವರಿಗೆ ಬುದ್ಧಿ ಹೇಳುವಂತೆ ಮೆಲ್ಲಗೆ ಹೇಳಿತು:

"ಬೇಡ ಮಾಮ. ನಿಮ್ಮನ್ನು ಹಿಡ್ಕೊಂಡು ಹೋಗ್ತಾರೆ."