ಬಾಯ್ತುಂಬ ಗುಂಡುಸೂಜಿ

ಗ್ರೀಕರ ಕಾಲದ ಹಾಸ್ಯ ನಾಟಕವೊಂದನ್ನು ಕೈಗೆತ್ತಿಕೊಂಡ ದಿನ ನಿರ್ದೇಶಕಿ ತನ್ನ ತಂಡಕ್ಕೆ ಹೇಳಿದ ಮೊದಲ ಮಾತು, "ದಯವಿಟ್ಟು ಯಾರೂ ನಗಿಸೋಕೆ ಹೋಗಬೇಡಿ" ಎಂಬುದು. ತಂಡದವರು ಮುಖ ಮುಖ ನೋಡಿಕೊಂಡರು. ಹಾಸ್ಯ ನಾಟಕದಲ್ಲಿ ನಗಿಸದೆ ಇನ್ನೇನು ಭಜನೆ ಮಾಡಬೇಕೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಅವಳ ಕಿವಿಗೂ ಬಿತ್ತು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ನಾಟಕದ ಕಥೆ ಸರಳವಾಗಿತ್ತು. ಕೆಲಸ ಕಳೆದುಕೊಂಡ ಒಬ್ಬ ಮುದುಕ. ಪಕ್ಕದ ಖಾಲಿ ಮನೆಗೆ ದೇವರೊಬ್ಬ ಗುಟ್ಟಾಗಿ ಬಾಡಿಗೆಗೆ ಬಂದಿದ್ದಾನೆ, ಇವತ್ತಲ್ಲ ನಾಳೆ ಬಾಗಿಲು ತೆಗೆದು ತನ್ನ ಕಷ್ಟ ಕೇಳುತ್ತಾನೆ ಎಂದು ನಂಬಿ ಕೂತವನು. ಅವನ ಹೆಂಡತಿ ಬಟ್ಟೆ ಹೊಲಿದು ಸಂಸಾರ ತೂಗಿಸುವವಳು. ಆ ಕಾಲದಲ್ಲಿ ಇದನ್ನು ಆಡುವಾಗ ಮುಖವಾಡ, ಹೊಟ್ಟೆಗೆ ದಿಂಬು, ಮೇಳದ ಕುಣಿತ ಎಲ್ಲ ಇರುತ್ತಿದ್ದವಂತೆ. ನಿರ್ದೇಶಕಿ ಎಲ್ಲವನ್ನೂ ತೆಗೆದು ಹಾಕಿದಳು. ಮೇಳದವರು ಮಹಡಿ ಮೆಟ್ಟಿಲ ಮೇಲೆ ಕೂತು ಹರಟುವ ನೆರೆಹೊರೆಯವರಾದರು. ರಂಗದ ಮೇಲೆ ನಿಜವಾಗಿ ಉರಿಯುವ ಒಲೆ, ನಿಜವಾಗಿ ನೀರು ಬರುವ ನಲ್ಲಿ, ಮೂಲೆಯಲ್ಲಿ ಹೊಲಿಗೆ ಮಿಷನ್ನು ಬಂದವು. ಪ್ರೇಕ್ಷಕರು ಯಾರದೋ ಮನೆಗೆ ಹೇಳದೆ ಕೇಳದೆ ನುಗ್ಗಿದಂತಿರಬೇಕು ಎಂಬುದು ಅವಳ ಹಟ.

ಎಲ್ಲ ಸರಿಹೋಯಿತು, ಹೆಂಡತಿಯ ಪಾತ್ರವೊಂದನ್ನು ಬಿಟ್ಟು. ಆ ಪಾತ್ರ ಮಾಡುವ ನಟಿಯನ್ನು ತಂಡದಲ್ಲಿ ಎಲ್ಲರೂ ಗುಡುಗಮ್ಮ ಎಂದೇ ಕರೆಯುತ್ತಿದ್ದರು. ಅವಳು ಪಿಸುಗುಟ್ಟಿದರೂ ಬೀದಿಯವರಿಗೆ ಕೇಳುತ್ತಿತ್ತು. ಹಳೆಯ ನಾಟಕದಲ್ಲಿ ಗಂಡ ದೇವರ ಸುದ್ದಿ ಎತ್ತಿದಾಗಲೆಲ್ಲ ಹೆಂಡತಿ ಮಡಕೆ ಎಸೆದು, ಅವನ ವಂಶವನ್ನೆಲ್ಲ ಜಾಲಾಡುತ್ತಾಳೆ. ನಿರ್ದೇಶಕಿ ಆ ಬೈಗುಳವನ್ನೆಲ್ಲ ಹೊಡೆದು ಹಾಕಿ, "ಇಲ್ಲಿ ಅವಳು ಸುಮ್ಮನಿರ್ತಾಳೆ" ಎಂದು ಬರೆದಿದ್ದಳು.

"ಮಾತು ಕಿತ್ಕೊಂಡ್ರಿ, ಮಡಕೆ ಕಿತ್ಕೊಂಡ್ರಿ" ಎಂದು ಗುಡುಗಮ್ಮ ತಾಲೀಮಿನ ನಡುವೆ ಕೈ ಚೆಲ್ಲಿದಳು. "ಈ ಕೈ ಎರಡನ್ನ ಎಲ್ಲಿ ಇಟ್ಕೊಳ್ಳಲಿ ಮೇಡಂ? ಸುಮ್ಮನಿರೋದು ಅಂದ್ರೆ ಹೇಗೆ ಅಂತ ನಮ್ಮಮ್ಮ ನನಗೆ ಕಲಿಸಲೇ ಇಲ್ಲ."

ಮುದುಕನ ಪಾತ್ರದ ಮಾಸ್ತರು ಕಿಸಕ್ಕನೆ ನಕ್ಕರು. ಶಾಲೆಯಿಂದ ನಿವೃತ್ತರಾಗಿ ನಾಟಕಕ್ಕೆ ಬಂದವರು ಅವರು. ನಿರ್ದೇಶಕಿಗೆ ಆಗಲೇ ಅಕ್ಕನ ನೆನಪಾದದ್ದು.

ತಾಯಿ ಹೋದ ಮೇಲೆ ಅವಳನ್ನು ಸಾಕಿ ಬೆಳೆಸಿದ್ದು ಅಕ್ಕನೇ. ಈಗಲೂ ಅವಳಿಗೆ ಊಟ ಎಂದರೆ ಅಕ್ಕನ ಮನೆಯ ಊಟ. ತಲೆ ನರೆತಿದ್ದರೂ ಆ ಮನೆಯಲ್ಲಿ ಅವಳು 'ಪುಟ್ಟಿ'. ಅಕ್ಕ ಎರಡು ಕೋಣೆಯ ಮನೆಯಲ್ಲಿ ಕೂತು ಊರವರ ಪ್ಯಾಂಟಿನ ಉದ್ದ ತಗ್ಗಿಸುತ್ತಾಳೆ, ಕೋಟಿನ ಸೊಂಟ ಹಿಗ್ಗಿಸುತ್ತಾಳೆ. ಭಾವ ಟೈಪ್‌ರೈಟರ್ ರಿಪೇರಿಯಲ್ಲಿ ಒಂದು ಕಾಲಕ್ಕೆ ಕೈ ಬಿಡುವಿಲ್ಲದಷ್ಟು ಬೇಡಿಕೆಯಿದ್ದವರು. ಕಚೇರಿಗಳಿಗೆ ಕಂಪ್ಯೂಟರ್ ಬಂದ ಮೇಲೆ ಅವರ ಅಂಗಡಿ ಮುಚ್ಚಿತು. ಉಳಿದ ಮಿಷನ್ನುಗಳೆಲ್ಲ ಮನೆ ಸೇರಿ, ಮಂಚದ ಕೆಳಗೆ, ಕಪಾಟಿನ ಮೇಲೆ, ಬಚ್ಚಲ ಬಾಗಿಲ ಪಕ್ಕದಲ್ಲಿ ಹಳೆಯ ಬೆಡ್‌ಶೀಟ್ ಹೊದ್ದು ಕೂತವು. ಟೈಪ್‌ರೈಟರ್ ಮತ್ತೆ ಬರುತ್ತದೆ ಎಂಬುದು ಭಾವನ ವಾದ. "ಕರೆಂಟ್ ಕೈಕೊಟ್ಟಾಗ ಗೊತ್ತಾಗುತ್ತೆ ಇವರಿಗೆ. ಆಗ ನಮ್ಮ ಬಾಗಿಲು ತಟ್ಟದೆ ಎಲ್ಲಿಗೆ ಹೋಗ್ತಾರೆ?" ಇದು ದಿನಾ ನಡೆಯುವ ಮಾತು.

ಭಾವ ಈ ಮಾತು ಶುರು ಮಾಡಿದೊಡನೆ ಅಕ್ಕ ಒಂದು ಕೆಲಸ ಮಾಡುತ್ತಿದ್ದಳು. ಡಬ್ಬಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದಳು. ಬಟ್ಟೆಗೆ ಚುಚ್ಚಲು ಎರಡು ಸಾಕಾಗುವ ಕಡೆಯಲ್ಲೂ ಬಾಯಿ ತುಂಬುವವರೆಗೆ. ಆಮೇಲೆ ತಲೆ ಬಗ್ಗಿಸಿ ಅಂಚು ಮಡಿಸುತ್ತಿದ್ದಳು. ಭಾವ ಮಾತಾಡುತ್ತಲೇ ಇರುತ್ತಿದ್ದರು. ತಂಗಿ ಎಷ್ಟೋ ವರ್ಷದಿಂದ ಅದನ್ನು ನೋಡಿ ಒಳಗೊಳಗೇ ನಕ್ಕಿದ್ದಳು.

ಮಾರನೆಯ ದಿನವೇ ಅವಳು ಗುಡುಗಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದಳು. "ನಮ್ಮ ತಂಡದವರು. ಕೋಟಿನ ತೋಳು ಚಿಕ್ಕದು ಮಾಡಿಸಬೇಕಂತೆ" ಎಂದು ಅಕ್ಕನಿಗೆ ಹೇಳಿದಳು. ಅದು ಸುಳ್ಳೇನೂ ಆಗಿರಲಿಲ್ಲ, ಕೋಟಿನ ತೋಳು ಉದ್ದವೇ ಇತ್ತು. ಅಕ್ಕ ಚಹಾ ಕೊಟ್ಟು, ಅಳತೆ ತೆಗೆದುಕೊಂಡಳು. ಹೊಸಬರು ಸಿಕ್ಕ ಖುಷಿಗೆ ಭಾವ ಟೈಪ್‌ರೈಟರ್ ಸುದ್ದಿ ಎತ್ತಿದರು. ಅಕ್ಕನ ಕೈ ಡಬ್ಬಿಗೆ ಹೋಯಿತು. ಗುಡುಗಮ್ಮ ಚಹಾ ಕುಡಿಯುವುದನ್ನೇ ಮರೆತಳು.

ಹೊರಗೆ ಬಂದವಳೇ ನಿರ್ದೇಶಕಿಯ ಕೈ ಹಿಡಿದುಕೊಂಡು, ಜೀವನದಲ್ಲಿ ಮೊದಲ ಸಲ ಮೆಲ್ಲಗೆ, "ಸಿಕ್ತು ಮೇಡಂ" ಎಂದಳು.

ಮೊದಲ ಪ್ರದರ್ಶನಕ್ಕೆ ರಂಗಮಂದಿರ ತುಂಬಿತ್ತು. ಅಕ್ಕ, ಭಾವ ಮೂರನೆಯ ಸಾಲಿನಲ್ಲಿ ಕೂತಿದ್ದರು. ಮಾಸ್ತರು ಗೋಡೆಗೆ ಕಿವಿಯಿಟ್ಟು "ಕೇಳಿಸ್ತಾ ಇದೆ ಕಣೇ, ಒಳಗೆ ಕುರ್ಚಿ ಸರಿಸಿದ ಸದ್ದು" ಎಂದಾಗ ಗುಡುಗಮ್ಮ ಒಂದು ಗುಂಡುಸೂಜಿ ತೆಗೆದು ತುಟಿಗಿಟ್ಟಳು. ಯಾರೋ ಒಬ್ಬರು ನಕ್ಕರು. ಎರಡನೆಯದು, ಮೂರನೆಯದು. ಐದನೆಯದಕ್ಕೆ ಮಂದಿರವೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಎಲ್ಲರಿಗಿಂತ ಜೋರು ನಗು ಭಾವನದು. ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಪಕ್ಕದ ಬಾಗಿಲ ಮರೆಯಲ್ಲಿ ನಿಂತಿದ್ದ ನಿರ್ದೇಶಕಿ ಅಕ್ಕನ ಕಡೆ ನೋಡಿದಳು. ಅಕ್ಕ ಕೈಚೀಲವನ್ನು ತೊಡೆಯ ಮೇಲೆ ನೇರ ಮಾಡಿಕೊಂಡು ರಂಗವನ್ನೇ ನೋಡುತ್ತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ.

ಮುಗಿದ ಮೇಲೆ ಅಕ್ಕ ಹೇಳಿದ್ದು ಒಂದೇ ಮಾತು: "ಒಲೆ ನಿಜವಾಗ್ಲೂ ಉರೀತಿತ್ತಲ್ಲ, ಹುಷಾರು ಕಣೇ." ಸದ್ಯ, ಬೇಜಾರು ಮಾಡಿಕೊಂಡಿಲ್ಲ ಎಂದುಕೊಂಡಳು ನಿರ್ದೇಶಕಿ. ಹಾಗೆ ಅಂದುಕೊಳ್ಳುವುದು ಅವಳಿಗೂ ಅನುಕೂಲವಾಗಿತ್ತು.

ಕೆಲವು ದಿನ ಕಳೆದು, ಒಂದು ಬೆಳಿಗ್ಗೆ ಅಕ್ಕ ತಾಲೀಮಿನ ಕೋಣೆಗೇ ಬಂದಳು. ಹಿಂದೆಂದೂ ಅಲ್ಲಿಗೆ ಕಾಲಿಟ್ಟವಳಲ್ಲ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಿನ್ನ ಭಾವ ಮಾತಾಡ್ತಾ ಇಲ್ಲ" ಎಂದಳು.

ನಿರ್ದೇಶಕಿ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟಳು. "ಕೋಪ ಮಾಡ್ಕೊಂಡಿದ್ದಾರಾ?"

"ಕೋಪ ಆಗಿದ್ರೆ ನಾನೇ ನೋಡ್ಕೊಳ್ತಿದ್ದೆ. ಊಟಕ್ಕೆ ಕರೆದ್ರೆ ಬರ್ತಾರೆ. ಕೇಳಿದ್ದಕ್ಕೆ ಹೂಂ ಅಂತಾರೆ. ಟೈಪ್‌ರೈಟರ್ ಸುದ್ದಿ ಒಂದು ಸಲನೂ ಎತ್ತಿಲ್ಲ." ಅಕ್ಕ ಕಿಟಕಿಯ ಕಡೆ ತಿರುಗಿದಳು. "ನಾಟಕ ನೋಡಿ ಮನೆಗೆ ಬಂದ್ವಲ್ಲ, ಚಪ್ಪಲಿ ಬಿಡ್ತಾ ಕೇಳಿದ್ರು. 'ಆಯಮ್ಮ ಸೂಜಿ ಕಚ್ಕೊಳ್ಳೋದು ಥೇಟ್ ನಿನ್ನ ಹಾಗೇ ಇತ್ತಲ್ಲ. ನೀನೂ ನಾನು ಮಾತಾಡೋವಾಗ್ಲೇನಾ ಕಚ್ಕೊಳ್ಳೋದು?' ಅಂತ. ಇಲ್ಲ ಅನ್ನಬಹುದಿತ್ತು. ಬಾಯಿ ಬರಲಿಲ್ಲ."

"ಅಕ್ಕಾ, ತಪ್ಪಾಯ್ತು. ನಿನ್ನನ್ನ ಎಲ್ಲರೂ ನೋಡಿ ನಗೋ ಹಾಗೆ..."

"ನಗಲಿ ಬಿಡು, ನನಗೇನು ಸವೆದು ಹೋಗುತ್ತಾ?" ಅಕ್ಕನ ದನಿ ಮೊದಲ ಸಲ ಏರಿತು. "ನೀನು ಏನಂದ್ಕೊಂಡೆ ಪುಟ್ಟಿ? ಕೇಳಿ ಕೇಳಿ ಸಾಕಾಗಿ ಸೂಜಿ ಕಚ್ಕೊಳ್ತೀನಿ ಅಂತಾನಾ?"

ನಿರ್ದೇಶಕಿ ತಲೆ ತಗ್ಗಿಸಿದಳು.

"ಸಾಕಾದ್ರೆ ಸಾಕು ಮಾಡಿ ಅನ್ನೋಕೆ ನನಗೆ ಬಾಯಿಲ್ವಾ? ಅವರು ಶುರು ಮಾಡಿದ ತಕ್ಷಣ ನನ್ನ ನಾಲಿಗೆ ತುದೀಲಿ ಒಂದೇ ಮಾತು ಬಂದು ಕೂರುತ್ತೆ. ಅದು ಇನ್ನು ಬರಲ್ಲ ರೀ ಅಂತ. ಒಂದು ಸಲ ಅದು ಜಾರಿದ್ರೆ ಮನುಷ್ಯ ಅಲ್ಲೇ ನಿಂತು ಹೋಗ್ತಾರೆ. ಅದಕ್ಕೇ ಏನಾದ್ರೂ ಅಡ್ಡ ಬೇಕಿತ್ತು ಬಾಯಿಗೆ." ಅವಳು ಸೆರಗಿನಿಂದ ಮುಖ ಒತ್ತಿಕೊಂಡಳು. "ಇಷ್ಟು ವರ್ಷ ಜೋಪಾನ ಮಾಡಿದ್ದನ್ನ ನೀನು ಒಂದು ಸಂಜೇಲಿ ಬೀದಿಗೆ ಹಾಕಿದೆ."

ಬಂದಷ್ಟೇ ನೆಟ್ಟಗೆ ಹೊರಟು ಹೋದಳು.

ನಿರ್ದೇಶಕಿಗೆ ಆ ದಿನವೆಲ್ಲ ಕೆಲಸದಲ್ಲಿ ಕೈ ಓಡಲಿಲ್ಲ. ತಾನು ನೋಡಿದ್ದನ್ನು ಚೂರೂ ಹೆಚ್ಚು ಕಡಿಮೆಯಿಲ್ಲದೆ ರಂಗಕ್ಕೆ ತಂದಿದ್ದಳು. ಬೆರಳು ಡಬ್ಬಿಗೆ ಹೋಗುವ ರೀತಿ, ತುಟಿ ಬಿಗಿಯುವ ರೀತಿ, ಎಲ್ಲ ಸರಿಯಾಗಿತ್ತು. ಒಳಗಿನದು ಮಾತ್ರ ತಲೆಕೆಳಗಾಗಿತ್ತು. ಇಷ್ಟು ಹತ್ತಿರದಿಂದ, ಇಷ್ಟು ವರ್ಷ ನೋಡಿದವಳಿಗೆ ಅದು ಕಾಣಲೇ ಇಲ್ಲವಲ್ಲ ಎಂಬುದೇ ಅವಳಿಗೆ ಅರಗಲಿಲ್ಲ.

ಮರುದಿನ ಅಕ್ಕ ಬಟ್ಟೆ ಕೊಡಲು ಹೊರಗೆ ಹೋಗುವ ಹೊತ್ತು ನೋಡಿಕೊಂಡು ಅವಳು ಮನೆಗೆ ಹೋದಳು. ಭಾವ ಹಳೆಯ ಪೇಪರ್ ಹಿಡಿದುಕೊಂಡು ಕೂತಿದ್ದರು. ಓದುತ್ತಿರಲಿಲ್ಲ.

"ಬಾಮ್ಮ. ನಾಟಕ ಚೆನ್ನಾಗಿತ್ತು" ಎಂದರು ತಾವಾಗಿಯೇ. ಪೇಪರನ್ನು ತೊಡೆಯ ಮೇಲಿಟ್ಟು, "ಆದ್ರೆ ಆ ಮುದುಕ ಅಷ್ಟು ದಡ್ಡ ಇರೋಕೆ ಸಾಧ್ಯ ಇಲ್ಲ."

"ಯಾಕೆ ಭಾವ?"

"ದಿನಾ ಗೋಡೆಗೆ ಕಿವಿ ಇಟ್ಕೊಂಡು ಕೂತವನಿಗೆ ಆಕಡೆ ಯಾರೂ ಇಲ್ಲ ಅಂತ ಗೊತ್ತಾಗದೆ ಇರುತ್ತಾ? ಬೇರೆಯವರಿಗಿಂತ ಮೊದಲು ಅವನಿಗೇ ಗೊತ್ತಾಗಿರುತ್ತೆ."

ನಿರ್ದೇಶಕಿ ನಿಂತಲ್ಲೇ ಕೂತಳು. "ಹಾಗಾದ್ರೆ ಮತ್ಯಾಕೆ ದಿನಾ ಹೇಳ್ತಾನೆ?"

ಭಾವ ಪೇಪರನ್ನು ಮಡಿಸಿದರು, ಇನ್ನೊಂದು ಸಲ ಮಡಿಸಿದರು. "ಹೆಂಡತಿ ಬೆಳಿಗ್ಗೆಯಿಂದ ಬಗ್ಗಿಸಿದ ತಲೆ ಎತ್ತದೆ ಹೊಲೀತಿರ್ತಾಳೆ. ಕೆಲಸ ಇಲ್ಲದ ಗಂಡಸು ಎದುರಿಗೆ ಕೂತು ಏನು ಮಾತಾಡಬೇಕು ಹೇಳು? ಸಂಬಳ ತರೋಕಾಗಲ್ಲ. ನಾಳೆ ಅನ್ನೋ ಒಂದು ಮಾತನ್ನಾದ್ರೂ ಮನೆಗೆ ತರಬೇಕಲ್ಲ. ಅವಳು ನಂಬಿಕೊಂಡು ಹಗುರಾಗಿದ್ದಾಳೆ ಅಂದ್ಕೊಂಡಿದ್ದೆ." ಅವರು ನಗಲು ನೋಡಿದರು. "ಬಾಯ್ತುಂಬ ಸೂಜಿ ಇಟ್ಕೊಂಡಿದ್ಲು."

ಇಬ್ಬರ ಮಾತೂ ಈಗ ಅವಳೊಬ್ಬಳ ಹೊಟ್ಟೆಯಲ್ಲಿ ಕೂತಿತ್ತು. ಒಬ್ಬರದನ್ನು ಇನ್ನೊಬ್ಬರಿಗೆ ಮುಟ್ಟಿಸಿದರೆ ಎಲ್ಲ ಸರಿಹೋಗಬಹುದು ಎನಿಸಿ ಮಾತು ಬಾಯಿವರೆಗೂ ಬಂತು. ಆದರೆ ಅಕ್ಕನನ್ನು ಕೇಳದೆ ಅವಳ ಗುಟ್ಟನ್ನು ಎತ್ತಿಕೊಂಡು ಹೋದದ್ದರಿಂದಲೇ ಇಷ್ಟೆಲ್ಲ ಆದದ್ದು. ಮತ್ತೆ ಅದೇ ಕೆಲಸಕ್ಕೆ ಕೈ ಹಾಕಲು ಅವಳಿಗೆ ಧೈರ್ಯ ಬರಲಿಲ್ಲ.

"ಭಾವ, ನೀವು ಅಕ್ಕನ್ನ ಸೂಜಿ ವಿಷಯ ಹೌದಾ ಅಂತ ಕೇಳಿದ್ರಂತೆ. ಯಾಕೆ ಅಂತ ಕೇಳಿದ್ರಾ?"

"ಅದರಲ್ಲಿ ಕೇಳೋಕೇನಿದೆ?"

"ಇದೆ. ಒಂದು ಸಲ ಕೇಳಿ" ಎಂದು ಹೇಳಿ ಎದ್ದು ಬಂದಳು.

ಆ ಸಂಜೆಯ ಪ್ರದರ್ಶನಕ್ಕೆ ಮೊದಲು ಅವಳು ಮಾಸ್ತರನ್ನು ಒಂದು ಮೂಲೆಗೆ ಕರೆದು, ಪಕ್ಕದ ಮನೆ ಖಾಲಿ ಎಂದು ಮುದುಕನಿಗೆ ಚೆನ್ನಾಗಿ ಗೊತ್ತು, ಆ ಗೊತ್ತಿನಿಂದಲೇ ಮಾತಾಡಿ ಎಂದಳು. ಗುಡುಗಮ್ಮನನ್ನು ಬೇರೆಯಾಗಿ ಕರೆದು, ಆ ಹೆಂಡತಿಗೆ ಬೇಜಾರಾಗಿಲ್ಲ, ಬಾಯಿ ಜಾರೀತು ಎಂಬ ಭಯ, ಅಷ್ಟೇ ಎಂದಳು. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಲಿಲ್ಲ. ಒಂದು ಸಾಲನ್ನೂ ಬದಲಿಸಲಿಲ್ಲ.

ಮೊದಲ ಸೂಜಿಗೆ ಜನ ನಕ್ಕರು. ಮೂರನೆಯದಕ್ಕೂ ನಕ್ಕರು. ಆಮೇಲೆ ನಗು ತೆಳ್ಳಗಾಗುತ್ತ ಹೋಯಿತು. ಮಾಸ್ತರು ಕುರ್ಚಿ ಸರಿಸಿದ ಸದ್ದಿನ ಮಾತು ಹೇಳಿ ಹೆಂಡತಿಯ ಬಗ್ಗಿದ ತಲೆಯನ್ನು ಒಂದು ಗಳಿಗೆ ನೋಡಿದರು; ಮಂದಿರದಲ್ಲಿ ಯಾರೋ ಕೆಮ್ಮಿದ್ದು ಸ್ಪಷ್ಟವಾಗಿ ಕೇಳಿಸಿತು. ಕೊನೆಗೆ ನಗು ಮತ್ತೆ ಬಂತು, ಆದರೆ ಅದು ಬೇರೆ ನಗು. ತಂತಮ್ಮ ಮನೆ ನೆನಪಾದವರು ನಗುವಂಥದು.

"ಇದ್ದ ಒಂದು ಚಪ್ಪಾಳೇನೂ ಹೋಯ್ತು" ಎಂದು ಗುಡುಗಮ್ಮ ಬಣ್ಣ ಒರೆಸಿಕೊಳ್ಳುತ್ತ ಮುಖ ಸಪ್ಪಗೆ ಮಾಡಿದಳು. ರಂಗಮಂದಿರದ ಮ್ಯಾನೇಜರ್ ಕೂಡ "ಮೊದಲ ದಿನದ ಹಾಗೆ ಬರಲಿಲ್ಲ ಮೇಡಂ" ಎಂದು ಮೂಗು ಮುರಿದ. ನಿರ್ದೇಶಕಿ ವಾದಕ್ಕೆ ಹೋಗಲಿಲ್ಲ. ನಾಟಕ ಮೊದಲಿಗಿಂತ ಚೆನ್ನಾಗಿದೆಯೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಉಳಿದ ಪ್ರದರ್ಶನಗಳನ್ನು ಹಾಗೆಯೇ ನಡೆಸಿದಳು.

ಮುಂದಿನ ರಜೆಯ ದಿನ ಅಕ್ಕನ ಮನೆಗೆ ಹೋಗಲೋ ಬೇಡವೋ ಎಂದು ಹಿಂದೆ ಮುಂದೆ ನೋಡಿ, ಕಡೆಗೆ ಹೊರಟಳು. ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ಜಗಳದ ಸದ್ದು. ಆ ಮನೆಯಿಂದ ಅಂಥ ಸದ್ದನ್ನು ಅವಳು ಎಂದೂ ಕೇಳಿರಲಿಲ್ಲ.

"ಗೊತ್ತಿದ್ದೂ ಇಷ್ಟು ವರ್ಷ ನನ್ನ ತಲೆ ತಿಂದ್ರಾ?" ಅಕ್ಕನ ದನಿ.

"ನೀನು ಗೊತ್ತಿದ್ದೂ ಕೂತು ಕೇಳಿದ್ಯಾ? ಒಂದು ಸಲ ಬಾಯಿ ಬಿಟ್ಟಿದ್ರೆ ಆ ಕಬ್ಬಿಣನೆಲ್ಲ ಯಾವತ್ತೋ ತೂಕಕ್ಕೆ ಹಾಕ್ತಿದ್ದೆ! ಬಚ್ಚಲಿಗೆ ಹೋಗೋವಾಗ ನನ್ನ ಕಾಲಿಗೂ ತಗಲುತ್ತೆ!"

"ಬಾಯಿ ಬಿಡಬೇಕಿತ್ತಂತೆ! ಬಿಟ್ಟಿದ್ರೆ ನೀವು ಮೂಲೆ ಹಿಡೀತಿರಲಿಲ್ವಾ?"

"ಹಿಡೀತಿದ್ದೆ. ಎರಡು ದಿನ ಹಿಡಿದು ಎದ್ದು ಬರ್ತಿದ್ದೆ!"

ಬಾಗಿಲು ತೆರೆದೇ ಇತ್ತು. ಅಕ್ಕ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹೇಳುವಂತಿರಲಿಲ್ಲ. ಅಳತೆ ಪಟ್ಟಿಯನ್ನು ಕೈಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಭಾವ ಅವಳ ಎದುರು ನಿಂತು ಏನು ಹೇಳಬೇಕೆಂದು ತೋಚದೆ ಒಂದು ಕೈಯನ್ನು ಅರ್ಧ ಎತ್ತಿದ್ದರು. ಆ ಎತ್ತಿದ ಕೈ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನಿರ್ದೇಶಕಿಯ ಕಣ್ಣು ಹುಡುಕಿತು. ಅವಳ ಕಣ್ಣಿಗೆ ಬೇರೆ ಕೆಲಸವೇ ಗೊತ್ತಿರಲಿಲ್ಲ.

ಅವಳು ಮುಖ ತಿರುಗಿಸಿ, ಗೋಡೆಗೆ ಒತ್ತಿಕೊಂಡು ಸೀದಾ ಅಡುಗೆಮನೆಗೆ ನಡೆದಳು. ತೊಳೆಯಲು ಪಾತ್ರೆ ಹೆಚ್ಚೇನೂ ಇರಲಿಲ್ಲ. ಆದರೂ ನಲ್ಲಿಯನ್ನು ಪೂರ್ತಿ ತಿರುಗಿಸಿ, ಹೊರಗಿನ ಮಾತು ಒಂದೂ ಕಿವಿಗೆ ಬೀಳದಂತೆ ಸದ್ದು ಮಾಡಿಕೊಂಡು, ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತಳು.

ಬಹಳ ಹೊತ್ತಿನ ಮೇಲೆ ಬಾಗಿಲಲ್ಲಿ ಅಕ್ಕ ಕಂಡಳು. ಮೂಗು ಕೆಂಪಾಗಿತ್ತು.

"ಅಷ್ಟೊಂದು ನೀರು ಯಾಕೆ ಪೋಲು ಮಾಡ್ತೀಯ ಪುಟ್ಟಿ? ನಲ್ಲಿ ನಿಲ್ಲಿಸಿ ಬಾ, ತಟ್ಟೆ ಹಾಕಿದೀನಿ" ಎಂದಳು.