ಉಗುಳಿನ ಕೆಲಸ

"ಥೂ! ಮುಚ್ಚೇ ಆ ಕೊಚ್ಚೆ ಬಾಯ! ಏನ್ ಸತ್ತದೆ ಅದ್ರೊಳಗೆ?"

ವೋಲುಸಿಯಾ ಅಮ್ಮನವರು ತಟ್ಟೆಯನ್ನು ನನ್ನ ಮುಖಕ್ಕೇ ಎಸೆದರು. ಅವರು ಮುಖಕ್ಕೆ ಬಳಿಯುವ ಸೀಸದ ಬಿಳಿ ಪುಡಿ ನನ್ನ ಕಣ್ಣು ಮೂಗಿಗೆಲ್ಲ ತುಂಬಿತು.

"ಹಲ್ಲು ಕೊಳ್ತದೆ ಅಮ್ಮೋರೇ. ಸೋಂಪಿನ ಗುಳಿಗೆ ಅಗ್ದೇ ಬಂದಿವ್ನಿ."

"ಗುಳಿಗೆ ಅಗುದ್ರೆ ಚರಂಡಿ ಘಮ್ಮಂತದಾ? ಲೌಡಿ! ನಿನ್ ಉಗುಳ ನನ್ ಮಕಕ್ಕೆ ಬಳ್ಕಬೇಕಾ?"

ಹನ್ನೊಂದು ವರ್ಷದಿಂದ ಬಳಿದುಕೊಂಡದ್ದು ಅದನ್ನೇ. ಪುಡಿಯನ್ನು ನೀರಿನಲ್ಲಿ ಕಲಸಿದರೆ ಒಣಗಿ ಉದುರುತ್ತದೆ, ದಾಸಿಯ ಬರಿಹೊಟ್ಟೆಯ ಉಗುಳಿನಲ್ಲಿ ಕಲಸಿದರೆ ಸಂಜೆತನಕ ನಿಲ್ಲುತ್ತದೆ ಎಂದು ಅಮ್ಮನವರ ನಂಬಿಕೆ. ಆ ಉಗುಳು ನನ್ನದು. ಸ್ತಾಕ್ತೆ ಎಂಬ ನನ್ನ ಹೆಸರು ಕೂಡ ಒಂದು ಸುಗಂಧತೈಲದ್ದು, ಕೊಂಡ ದಿನ ಅವರೇ ಇಟ್ಟದ್ದು. ಈ ಕೆಲಸ ಹೋದರೆ ನನ್ನ ಪಾಲಿಗೆ ತೋಟದ ಮನೆಯ ಬೀಸುಕಲ್ಲು. ಅಲ್ಲಿಗೆ ಹೋದ ಹೆಂಗಸರು ಎರಡು ಚಳಿಗಾಲ ಕಾಣುವುದಿಲ್ಲ.

"ಆ ಹೊಸಬಳ್ನ ಕರೀರೇ!"

ರೂನಾ ಬಂದಳು. ಉತ್ತರದ ಕಾಡಿನಲ್ಲಿ ನಮ್ಮ ದಂಡಿಗೆ ಸೆರೆಸಿಕ್ಕಿ ಸಂತೆಯಲ್ಲಿ ಮಾರಾಟವಾದವಳು. ಇಪ್ಪತ್ತರ ಪ್ರಾಯ, ಸೊಂಟದ ತನಕ ಹೊಂಬಣ್ಣದ ಕೂದಲು, ಬಾಯಿ ತುಂಬ ಹಲ್ಲು. ತಟ್ಟೆಗೆ ಉಗುಳಿದಳು. ಅಮ್ಮನವರು ಬೆರಳದ್ದಿ ಮೂಸಿ ನೋಡಿದರು.

"ನೋಡ್ಕಳೇ ಸ್ತಾಕ್ತೆ, ಇದು ಉಗುಳು ಅಂದ್ರೆ."

ನನಗೆ ಹೊಟ್ಟೆ ಉರಿಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಇನ್ನೊಬ್ಬಳ ಉಗುಳು ಕಂಡು ಹೊಟ್ಟೆಕಿಚ್ಚು ಪಟ್ಟವಳು ನಾನು. ಅವಳ ಹಲ್ಲೆಲ್ಲ ಉದುರಲಿ, ನಾಲಿಗೆ ಹುಣ್ಣಾಗಲಿ ಎಂದು ಮನೆದೇವರ ಗೂಡಿನ ಮುಂದೆ ನಿಂತು ಶಾಪ ಹಾಕಿದೆ. ಅವಳೋ ಅಡುಗೆಮನೆಯಲ್ಲಿ ತನ್ನ ಪಾಲಿನ ಗಂಜಿಯನ್ನು ನನ್ನ ಬಟ್ಟಲಿಗೆ ಸುರಿದಳು.

"ಅಕ್ಕ, ಹಲ್ಲು ನೋವು ನಿಂಗೆ. ಇದು ಮೆತ್ತಗೆ. ತಿನ್ನು."

ಹರಕುಮುರುಕು ಮಾತು. ಅದಕ್ಕೂ ಉರಿಯಿತು. ಗಂಜಿಯನ್ನೇನೋ ಕುಡಿದೆ.

ಮೂರನೆಯ ದಿನ ಅಮ್ಮನವರ ಕಾಲುಜ್ಜುತ್ತ ಅವರ ಕಿವಿಯಲ್ಲಿ ಊದಿದೆ.

"ಯಜಮಾನ್ರು ರೂನಾನ ಕೂದ್ಲ ಬಾಳ ಹೊಗುಳ್ತಿದ್ರು ಅಮ್ಮೋರೇ."

"ಏನಂತ?"

"ಬಂಗಾರ ಅಂತ."

ಸುಳ್ಳಲ್ಲ. ಯಜಮಾನರು ತಮ್ಮ ಕುದುರೆಯ ಬಾಲವನ್ನೂ ಹಾಗೇ ಹೊಗಳುತ್ತಿದ್ದರು. ಅದನ್ನು ನಾನು ಹೇಳಲಿಲ್ಲ. ಅಮ್ಮನವರು ತಮ್ಮ ನೆತ್ತಿ ಸವರಿಕೊಂಡರು. ಬಣ್ಣ ಹಾಕಿ, ಕಾದ ಕಬ್ಬಿಣಕ್ಕೆ ಸುತ್ತಿ, ಅಲ್ಲಿ ಉಳಿದದ್ದು ನಾಲ್ಕೇ ನಾಲ್ಕು ಎಳೆ.

"ಕತ್ರಿ ತಗಂಬಾ. ಬುಡಕ್ಕೆ ಬೋಳ್ಸು ಆ ಹಾದರಗಿತ್ತೀನ."

ಬೋಳಿಸಿದವಳು ನಾನೇ. ಮೊದಲ ಹಿಡಿ ಕೂದಲು ಕೈಗೆ ಬಂದಾಗ ಹಿಗ್ಗಿದೆ. ರೂನಾ ಅಳಲಿಲ್ಲ. ಕತ್ತರಿ ಕಿವಿಗೆ ತಾಗಿ ರಕ್ತ ಬಂದಾಗ, "ಅಕ್ಕ, ಕತ್ರಿ ಮೊಂಡು," ಎಂದಳು ಅಷ್ಟೆ. ಚಾಡಿ ಹೇಳಿದ್ದು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ಹತ್ತು ದಿನಕ್ಕೆ ಅಮ್ಮನವರ ಅಣ್ಣನ ಮನೆಯಲ್ಲಿ ಮದುವೆ. ರೂನಾಳ ಕೂದಲಲ್ಲಿ ಕಟ್ಟಿಸಿದ ಟೋಪನ್ ತೊಟ್ಟು ಅಮ್ಮನವರು ಕುರ್ಚಿಯಲ್ಲಿ ಕುಳಿತರು. ಪಲ್ಲಕ್ಕಿ ಬಾಗಿಲಿಗೆ ಬಂದಿತ್ತು. ರೂನಾ ಬೋಳುತಲೆಯಲ್ಲಿ ಬೆಳ್ಳಿ ಕನ್ನಡಿ ಹಿಡಿದು ನಿಂತಿದ್ದಳು.

"ಚಂದ ಕಾಣ್ತೀನೇನೇ ಸ್ತಾಕ್ತೆ?"

"ಕಾಣ್ತೀರಿ ಅಮ್ಮೋರೇ."

"ಇವ್ಳಿಗಿಂತ್ಲೂವಾ?"

ನಾನು ಒಂದು ಗಳಿಗೆ ತಡಮಾಡಿದೆ. ಅಷ್ಟು ಸಾಕಾಯಿತು.

"ಬೋಳ್ಸುದ್ರೂ ಈ ಹಾಳಾದೋಳ ಮಕ ಕೆಡ್ನಿಲ್ವಲ್ಲೇ!" ಎನ್ನುತ್ತ ತಲೆಗೆ ಸಿಕ್ಕಿಸುವ ಮೂಳೆಸೂಜಿಯನ್ನು ರೂನಾಳ ತೋಳಿಗೆ ಚುಚ್ಚಿದರು. ಇನ್ನೊಮ್ಮೆ ಚುಚ್ಚಿದರು. ಅವಳು ಕನ್ನಡಿ ಬಿಡಲಿಲ್ಲ.

"ಇವತ್ತಿಂದ ನೀನೇ ಉಗಿಯೇ ಸ್ತಾಕ್ತೆ. ನಾರುದ್ರೆ ನಾರ್ಲಿ. ನೀನಾದ್ರೆ ಕುರೂಪಿ, ಮನೇಲಿ ಇಟ್ಕಬೋದು."

ಹೋದ ಕೆಲಸ ಮರಳಿ ಸಿಕ್ಕಿತು. ಬೀಸುಕಲ್ಲು ತಪ್ಪಿತು. ನಾನು ಬೇಡಿಕೊಂಡದ್ದೂ ಇದನ್ನೇ. ತಟ್ಟೆಯನ್ನು ಬಾಯಿಯ ಹತ್ತಿರ ಹಿಡಿದೆ. ರೂನಾಳ ತೋಳಿನ ರಕ್ತ ಇಳಿದು ಕನ್ನಡಿಯ ಹಿಡಿಗೆ ಬಂದಿತ್ತು. ಇಷ್ಟು ದಿನ ಎಂಥವಳ ಮೇಲೆ ಉರಿದುಕೊಂಡೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು. ಬಾಯಿಗೆ ಬಂದ ಉಗುಳನ್ನು ನುಂಗಿದೆ.

"ಉಗಿಯೇ!"

"ಬತ್ತಾ ಇಲ್ಲ ಅಮ್ಮೋರೇ."

"ನೀ ಉಗಿಯೇ ಬೋಳಿ!" ತಟ್ಟೆ ಕಿತ್ತುಕೊಂಡು ರೂನಾಳ ಬಾಯಿಗೆ ಒತ್ತಿದರು.

ಅವಳು ಈಗ ಉಗುಳಿದರೆ ನಾಳೆ ಬೆಳಿಗ್ಗೆ ನಾನು ತೋಟದ ಗಾಡಿಯಲ್ಲಿರುತ್ತೇನೆ. ರೂನಾ ನನ್ನನ್ನು ನೋಡಿದಳು. ಆಮೇಲೆ ತುಟಿ ಬಿಗಿದಳು.

ಹೊರಗೆ ಪಲ್ಲಕ್ಕಿಯವರು ಕೂಗಿದರು. ಅಮ್ಮನವರ ಕೆನ್ನೆಯ ತುಂಬ ಸೀಸ ತಿಂದ ಕಪ್ಪು ಕಲೆಗಳು. ಆ ಮುಖ ಹೊತ್ತು ಮದುವೆಗೆ ಹೋಗುವಂತಿರಲಿಲ್ಲ.

"ಚರ್ಮ ಸುಲುಸ್ತೀನಿ ಇಬ್ರುದೂವೆ! ಇದುನ್ನ ಇನ್ಯಾರೇ ಕಲುಸೋರು?"

ನಾನು ತಟ್ಟೆ ತೆಗೆದುಕೊಂಡು ಅವರ ಮಡಿಲಲ್ಲಿಟ್ಟೆ.

"ನಿಮ್ ಬಾಯಲ್ಲೂ ಉಗುಳು ಅದೆಯಲ್ಲ ಅಮ್ಮೋರೇ," ಎಂದೆ. "ಉಗ್ಕಳಿ."