ಮೀಸೆ ನೋಡಿ ಆರಿಸಿದ ಮೀನು

ಹೆಸರಿಲ್ಲದ ಜೀವಕ್ಕೆ ಸರ್ಕಾರದ ಕಾಗದದಲ್ಲಿ ಜಾಗವಿಲ್ಲ. ರಾಜೂರಿನ ಮೇಲಿನ ಗುಡ್ಡದಲ್ಲಿ ಕಲ್ಲು ಒಡೆಯಲು ಹೊರಟವರು ಒಂದು ವರದಿ ಬರೆಸಿದ್ದರು. ಗುಡ್ಡದ ಹಳ್ಳದ ಬಗ್ಗೆ ಅದರಲ್ಲಿದ್ದದ್ದು ಒಂದೇ ಸಾಲು: ‘ಗಮನಾರ್ಹ ಜಲಚರಗಳಿಲ್ಲ.’ ಬರೆದವನು ಆ ನೀರಿಗೆ ಹೆಬ್ಬೆರಳನ್ನೂ ಅದ್ದಿರಲಿಲ್ಲ.

ಭುವನೇಶ್ವರಿ ಮೊಣಕಾಲುದ್ದ ಇಳಿದಿದ್ದಳು. ಗಜೇಂದ್ರಗಡದ ನೇಕಾರರ ಮಗಳು, ರೋಣದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಬೇಸಿಗೆಯಲ್ಲೂ ಬತ್ತದ ಒಂದೇ ಮಡುವಿನಲ್ಲಿ, ಕಲ್ಲಿಗೆ ಹೊಟ್ಟೆ ಹಚ್ಚಿ ಮಲಗುವ ಬೆರಳುದ್ದದ ಮೀನು ಅವಳಿಗೆ ಸಿಕ್ಕಿತ್ತು. ಬೆನ್ನ ಮೇಲೆ ಕಪ್ಪು ಪಟ್ಟೆ, ಬಾಲದ ಬುಡದಲ್ಲಿ ಮುರಿದ ಬಳೆಯಂಥ ಗುರುತು, ಬಾಯಿ ಸುತ್ತ ಮೀಸೆ. ಪುಸ್ತಕದಲ್ಲಿದ್ದ ಯಾವ ಮೀನಿಗೂ ಅದು ತಾಳೆಯಾಗಲಿಲ್ಲ. ಹೊಸ ಪ್ರಭೇದವೇ ಸೈ. ಆದರೆ ಅವಳು ಸ್ಪಿರಿಟ್ಟಿನಲ್ಲಿ ಕಾಪಿಟ್ಟ ಎರಡು ಮೀನು ಹೆಸರಿಡಲು ಸಾಲವು, ಇನ್ನಷ್ಟು ಬೇಕು ಎಂದು ವಿಜ್ಞಾನ ಪತ್ರಿಕೆಯವರು ತಿಳಿಸಿದ್ದರು. ಮಡುವಿನಲ್ಲಿ ಉಳಿದಿದ್ದೇ ಬೆರಳೆಣಿಕೆಯಷ್ಟು. ತನ್ನ ಅರ್ಜಿ ನೋಡಿ ಸರ್ಕಾರದ ಅಧಿಕಾರಿ ಪರಿಶೀಲನೆಗೆ ಬರಲಿ, ಜೀವಂತ ಮೀನು ನೋಡಲಿ, ಗುಡ್ಡ ಉಳಿಯಲಿ, ಮರಿಯಾದ ಮೇಲೆ ಹಿಡಿದರಾಯಿತು ಎಂದು ಅವಳು ಕೈ ತಡೆದಿದ್ದಳು.

ಆ ಗುಡ್ಡದಲ್ಲಿ ಆಡು ಕಾಯುವ ಹೊಳೆವ್ವನಿಗೆ ಮೊದಮೊದಲು ಇದೆಲ್ಲ ನಗೆ.

“ಮೀನ ಅಂದ್ರ ಮೀನ. ಇದಕ್ಕ್ಯಾಕ ಕಣ್ಣ ಕಳಕೊಂತಿ ಭುವನವ್ವಾ?”

“ಮೀಸಿ ನೋಡ ಆಯಿ. ಮೀಸಿ, ರೆಕ್ಕಿ ನೋಡಿ ನಾವು ಜಾತಿ ಹೇಳತೇವಿ.”

“ನಮ್ಮೂರಾಗೂ ಹಂಗ. ಮೀಸಿ ಬಿಟ್ಟಿದ್ದಕ್ಕ ನಮ್ಮ ಮಾವನ್ನ ಗೌಡ ಕಂಬಕ್ಕ ಕಟ್ಟಿಸಿದ್ದ,” ಎಂದು ಮುದುಕಿ ನಕ್ಕಿದ್ದಳು. ಆದರೆ ಅಂದಿನಿಂದ ಮಡುವಿಗೆ ಆಡು ಇಳಿಸಲಿಲ್ಲ. ಅವುಗಳಿಗೆ ದೂರದ ಬೋರಿನ ತೊಟ್ಟಿಯಲ್ಲಿ ನೀರು ಕುಡಿಸಿ ತಂದಳು. ದಂಡೆಯಲ್ಲಿ ಕೂತು, ಬಳೆ ಗುರುತಿನ ಮೀನು ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಹೋಯಿತೆಂದು ನೋಡುವುದೇ ಅವಳ ಹೊತ್ತು ಕಳೆಯುವ ದಾರಿಯಾಯಿತು.

ಪರಿಶೀಲನೆಯ ಬೆಳಿಗ್ಗೆ ಭುವನೇಶ್ವರಿ ಬಂದಾಗ ಹೊಳೆವ್ವ ಒಗೆದ ಸೀರೆಯುಟ್ಟು ದಂಡೆಯಲ್ಲಿ ನಿಂತಿದ್ದಳು. ನೀರು ಕಲಕಿ ರಾಡಿಯಾಗಿತ್ತು. ತೋಳುದ್ದದ ಕರಿ ಮೀನೊಂದು ಮೇಲೆದ್ದು, ಬಾಯಿ ತೆರೆದು, ಮುಳುಗಿತು. ಹಿಂದೆಯೇ ಇನ್ನೊಂದು.

“ಆಯಿ, ಏನಿವು?”

“ಕನ್ಯಾ ನೋಡಾಕ ಬಂದಾಗ ಮಂದಿ ಮನಿ ಎಮ್ಮಿ ತಂದ ನಮ್ಮ ಹಿತ್ತಲದಾಗ ಕಟ್ಟಂಗಿಲ್ಲೇನ? ನಿನ್ನಾವು ಕಲ್ಲ ಕೆಳಗ ಅಡಗತಾವು. ಬಂದ ಸಾಹೇಬಗ ಮನಿ ತುಂಬಿದಂಗ ಕಾಣಬೇಕಲ್ಲ. ನಿನ್ನೆ ಸಂಜಿಮುಂದ ಮೀನ ಸಾಕೋ ಲಾಡಸಾಬನ ಹೊಂಡದಾಗಿನ್ವು ಕೊಡದಾಗ ತಂದ ಬಿಟ್ಟೆ.” ಮುದುಕಿ ದನಿ ತಗ್ಗಿಸಿದಳು. “ನೀ ಹೇಳಿದಂಗ ಮೀಸಿ ನೋಡೇ ಆರಿಸೀನಿ.”

ಭುವನೇಶ್ವರಿ ನೀರಿಗೆ ಬಗ್ಗಿ ನೋಡಿದಳು. ಅವು ಆಫ್ರಿಕನ್ ಕ್ಯಾಟ್‌ಫಿಶ್. ಸಾಕಬಾರದೆಂದು ಸರ್ಕಾರವೇ ನಿಷೇಧಿಸಿದ, ಕಂಡದ್ದನ್ನೆಲ್ಲ ನುಂಗುವ ಮೀನು. ರಾತ್ರಿಯೆಲ್ಲ ಆ ಪುಟ್ಟ ಮಡುವಿನಲ್ಲಿ ಇದ್ದವು.

ಅಷ್ಟರಲ್ಲಿ ಅಧಿಕಾರಿ ಬಂದ. ಬಂದದ್ದು ಕಲ್ಲಿನ ಕಂಪನಿಯ ಜೀಪಿನಲ್ಲಿ, ಕಂಪನಿಯ ಮ್ಯಾನೇಜರನ ಜೊತೆ.

“ಇದೇ ಏನ್ರಿ ಮೇಡಂ, ಲೋಕದಾಗ ಎಲ್ಲೂ ಇಲ್ಲದ ಮೀನ?” ಎಂದ ಅಧಿಕಾರಿ.

“ಇವಲ್ರಿ ಸರ್. ಒಂದ ಸ್ವಲ್ಪ ತಡೀರಿ.”

ಚಪ್ಪಲಿ ಸಮೇತ ನೀರಿಗಿಳಿದು ಅವಳು ಕಲ್ಲು ಎತ್ತಿದಳು. ಇನ್ನೊಂದು ಎತ್ತಿದಳು. ತಾನು ಬಲ್ಲ ಕಲ್ಲುಗಳನ್ನೆಲ್ಲ ಹೊರಳಿಸಿದಳು. ಬರೀ ರಾಡಿ. ಸ್ಪಿರಿಟ್ಟಿನಲ್ಲಿದ್ದ ಎರಡು ಮೀನಿನ ಬಾಟಲಿಯನ್ನು ಚೀಲದಿಂದ ತೆಗೆದು ತೋರಿಸಿದಳು.

“ಬಾಟಲಿ ಎಲ್ಲಿಂದರ ತರಬಹುದು ಬಿಡ್ರಿ. ಮ್ಯಾಲ ನಿಷೇಧದ ಮೀನ ಸಾಕೀರಿ. ನಾ ಕೇಸ್ ಹಾಕ್ಲಿಲ್ಲ ಅಂತ ಖುಷಿಪಡ್ರಿ,” ಎಂದ ಅಧಿಕಾರಿ.

“ಇಂಥಾ ಮೀನ ಗದಗ ಸಂತ್ಯಾಗ ಬೇಕಾದಷ್ಟ ಸಿಗತಾವ್ರಿ ಸಾಹೇಬ್ರ,” ಎಂದು ಮ್ಯಾನೇಜರ ನಕ್ಕ. ಜೀಪು ತಿರುಗಿತು.

ಹೊಳೆವ್ವ ಅಷ್ಟು ಹೊತ್ತೂ ಎಲ್ಲರ ಮುಖವನ್ನೂ ನೋಡುತ್ತ ನಿಂತಿದ್ದವಳು ಕೇಳಿದಳು: “ಒಪ್ಪಿಗಿ ಆತಿಲ್ಲೋ?”

ಭುವನೇಶ್ವರಿ ಚೀಲದಿಂದ ಬಲೆ, ಕತ್ತಿ ತೆಗೆದಳು. ಬಲೆ ಬೀಸಿ ಒಂದು ಕರಿ ಮೀನನ್ನು ದಂಡೆಗೆ ಎಳೆದಳು. ತಲೆಗೆ ಕಲ್ಲಿನಿಂದ ಹೊಡೆದು ಹೊಟ್ಟೆ ಸೀಳಿದಳು. ಲೋಳೆಯ ನಡುವೆ ಅರ್ಧ ಕರಗಿದ ಸಣ್ಣ ಮೈಯೊಂದಿತ್ತು. ತಲೆ ಇರಲಿಲ್ಲ. ಬಾಲದ ಬುಡದಲ್ಲಿ ಮುರಿದ ಬಳೆ ಮಾತ್ರ ಮಾಸಿರಲಿಲ್ಲ.

“ಏನದು?”

“ಹುಳಾ, ಆಯಿ.”

ಮುದುಕಿ ಬಗ್ಗಿ ನೋಡಿದಳು. “ನನಗ ಸುಳ್ಳ ಹೇಳ್ತಿಯಾ? ದಿನಾ ನೋಡಿದಾಕಿಗಿ?” ಎಂದವಳೇ ಪಕ್ಕದಲ್ಲಿ ಕೂತು ಆ ಬಳೆಯನ್ನು ಬೆರಳಿಂದ ಮುಟ್ಟಿದಳು.

“ನಿನ್ನ ತಪ್ಪಲ್ಲ. ನಾ ನಿನಗ ಅರ್ಧಾ ಹೇಳಿದ್ದೆ.”

ಕುರ್ಚಿಯಲ್ಲಿ ಕೂತು ಒಂದು ಸಾಲಿನಲ್ಲಿ ಹಳ್ಳವನ್ನೇ ಅಳಿಸಿದವನ ಕೈಗೆ ಕಲೆ ಹತ್ತಿರಲಿಲ್ಲ. ಊರಿಗೆ ಒಬ್ಬಳೇ ಒಬ್ಬಳು ಆ ಮೀನನ್ನು ಮಕ್ಕಳಂತೆ ಕಾಯ್ದಿದ್ದಳು. ಕೊಂದ ಹೆಸರು ಅವಳ ತಲೆಗೇ ಬಂತು. ಭುವನೇಶ್ವರಿಗೆ ಬೈಯಬೇಕೆನಿಸಿತು. ಬೈಯಲು ಎದುರಿಗೆ ಯಾರೂ ಇರಲಿಲ್ಲ, ಜೀಪಿನ ಧೂಳಿತ್ತು.

ಹೊಳೆವ್ವ ಸೆರಗು ಬಿಗಿದು ಎದ್ದಳು. ನೀರಿಗಿಳಿದು, ಬರಿಗೈಯಲ್ಲೇ ಇನ್ನೊಂದು ಕರಿ ಮೀನನ್ನು ಅವಚಿ ತಂದು ಕಲ್ಲಿನ ಮೇಲೆ ಹಾಕಿದಳು. ಅದರ ಮುಳ್ಳು ಅಂಗೈಗೆ ಹೊಕ್ಕು ರಕ್ತ ಜಿನುಗುತ್ತಿತ್ತು.

“ಇದರ ಹೊಟ್ಟೀನೂ ಸೀಳು. ಸಾವಕಾಶ ಸೀಳವ್ವಾ. ಒಳಗ ಜೀಂವಾ ಇದ್ದೀತು.”

ಇರುವುದಿಲ್ಲವೆಂದು ಭುವನೇಶ್ವರಿಗೆ ಗೊತ್ತಿತ್ತು. ಕತ್ತಿಯನ್ನು ನೀರಲ್ಲಿ ತೊಳೆದು, ತುದಿಯನ್ನು ಆದಷ್ಟು ಹಗುರಾಗಿ ಊರಿದಳು.